ಎರಡು ಕೆ.ಜಿ. ಮಗುವಿಗೆ ಕಾರ್ ಸೀಟ್: ಕೆಲಸ ಎಲ್ಲಿಗೆ ಬಂತು

ಶುರು

ತಂಗಿಗೆ 34ನೇ ವಾರಕ್ಕೇ ಹೆರಿಗೆಯಾಗಿತ್ತು. ಮಗು ಶಿವಮೊಗ್ಗದಲ್ಲಿ, ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇತ್ತು. ಹಾಲು ಕುಡಿಯುತ್ತಿದ್ದಳು, ತೂಕ ಏರುತ್ತಿತ್ತು. ಇನ್ನು ಸ್ವಲ್ಪ ದಿನಕ್ಕೆ ಬಾಣಂತಿ, ಮಗು ಇಬ್ಬರನ್ನೂ ತೀರ್ಥಹಳ್ಳಿಗೆ ಕರೆದುಕೊಂಡು ಬರಬೇಕಿತ್ತು. ತುಂಗೆಯ ಪಕ್ಕದ ದಾರಿ, ಸುಮಾರು 60 ಕಿ.ಮೀ., ತಿರುವು ಜಾಸ್ತಿ, ಮೇಲೆ ಈ ಮಳೆ.

ನಮ್ಮ ಕಡೆ ಮಗು ಬರುವುದು ಅಜ್ಜಿಯ ಮಡಿಲಲ್ಲೇ. ಆದರೆ 50 ಕಿ.ಮೀ. ವೇಗದಲ್ಲಿ ಕಾರು ಗುದ್ದಿದರೆ ಎರಡು ಕೆ.ಜಿ. ಮಗುವನ್ನೂ ಕೈಯಲ್ಲಿ ಹಿಡಿದಿಡಲು ಯಾರಿಂದಲೂ ಆಗುವುದಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಇದೆ. ನನಗೆ ದಂಡದ ಚಿಂತೆಯಲ್ಲ. ಸೀಟ್ ತರುವುದು ಅಂತ ತೀರ್ಮಾನವಾಯಿತು. ಆದರೆ ಅಂಗಡಿಯ ಸೀಟ್‌ಗಳೆಲ್ಲ ಮೂರು, ಮೂರೂವರೆ ಕೆ.ಜಿ. ಮಗುವನ್ನು ನೆನೆದು ಮಾಡಿದ ಹಾಗಿವೆ. ಅದರಲ್ಲಿ ನಮ್ಮ ಮಗುವನ್ನು ಸರಿಯಾಗಿ ಕೂರಿಸುವುದೇ ನನ್ನ ಕೆಲಸವಾಯಿತು.

ಅಳತೆ

ಹಿಂದಕ್ಕೆ ಮುಖ ಮಾಡಿ ಕೂರಿಸುವ ಸೀಟ್ ತಂದೆ. 13 ಕೆ.ಜಿ.ವರೆಗಿನದು, ಐದು ಕಡೆ ಬಿಗಿಯುವ ಪಟ್ಟಿ. ಕೊಳ್ಳುವಾಗ ಮೇಲಿನ ಮಿತಿಯನ್ನಲ್ಲ, ಕೆಳಗಿನ ಮಿತಿಯನ್ನು ಕೇಳಿದೆ. ಕೆಲವು ಸೀಟ್‌ಗಳು ಸುಮಾರು 2.3 ಕೆ.ಜಿ.ಯಿಂದ ಶುರುವಾಗುತ್ತವೆ. ಅವು ನಮಗೆ ಆಗುವುದಿಲ್ಲ.

ದಿನ ತುಂಬದೆ ಹುಟ್ಟಿದ ಮಕ್ಕಳಿಗಾಗಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2009ರಲ್ಲಿ ಕೊಟ್ಟ ಎರಡು ಅಳತೆಗಳಿವೆ. ಕಾಲುಗಳ ನಡುವಿನ ಪಟ್ಟಿಯಿಂದ ಬೆನ್ನಿನ ತನಕ 14 ಸೆಂ.ಮೀ. ಮೀರಬಾರದು. ಭುಜದ ಪಟ್ಟಿ ಹೊರಬರುವ ಅತಿ ಕೆಳಗಿನ ತೂತು ಕೂರುವ ಜಾಗದಿಂದ 25 ಸೆಂ.ಮೀ.ಗಿಂತ ಎತ್ತರ ಇರಬಾರದು. ಟೇಪ್ ಹಿಡಿದು ನೋಡಿದೆ, ಎರಡೂ ಒಳಗೇ ಇವೆ. ಇದರ ಜೊತೆ ಇನ್ನೊಂದು ಮಾತು: ಹಿಂದಕ್ಕೆ ಮುಖ ಮಾಡಿದ ಸೀಟ್‌ನಲ್ಲಿ ಪಟ್ಟಿ ಮಗುವಿನ ಭುಜದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗಿನಿಂದ ಬರಬೇಕು. ಮೇಲಿನಿಂದ ಬಂದರೆ ಗುದ್ದಿದಾಗ ಮಗು ಪಟ್ಟಿಯೊಳಗೆ ಮೇಲಕ್ಕೆ ಜಾರುತ್ತದೆ.

ಗೊಂಬೆ

ಮಗು ಆಸ್ಪತ್ರೆಯಲ್ಲಿ, ಸೀಟ್ ಇಲ್ಲಿ. ಹೇಗೆ ನೋಡುವುದು? ಅಮ್ಮ ಹಳೇ ಬಟ್ಟೆಯಲ್ಲಿ ಗೊಂಬೆ ಹೊಲಿದಳು. ಉದ್ದ 44 ಸೆಂ.ಮೀ., ತೂಕ ಎರಡು ಕೆ.ಜಿ., ಮೈಗೆ ರಾಗಿ. ಹಸುಗೂಸಿನ ತಲೆಯೇ ಮೈಯ ಕಾಲು ಭಾಗ ಇರುತ್ತದೆ, ಅದಕ್ಕೆ ತಲೆ ದೊಡ್ಡದಾಗಿ, ಭಾರವಾಗಿ ಇರಲಿ ಅಂದೆ. ಸಾಸಿವೆ ದಿಂಬಿಗೆಂದು ತೆಗೆದಿಟ್ಟಿದ್ದ ಸಾಸಿವೆ ಗೊಂಬೆಯ ತಲೆಗೆ ಹೋಯಿತು.

"ಹಾಗಾದ್ರೆ ಸೀಟ್‌ನಲ್ಲಿ ತಲೆಗೆ ಏನೂ ಇಡಲ್ವೇನೋ?" ಅಂದಳು ಅಮ್ಮ.

ಗೊಂಬೆಯನ್ನೇ ಕೂರಿಸಿ ತೋರಿಸಿದೆ. ಕೂಸಿನ ಹಿಂದಲೆ ಮೊದಲೇ ಉಬ್ಬಿರುತ್ತದೆ. ಅದರ ಹಿಂದೆ ತೆಳ್ಳಗಿನ ದಿಂಬು ಇಟ್ಟರೂ ಗದ್ದ ಎದೆಗೆ ತಾಗುತ್ತದೆ. ಗದ್ದ ಎದೆಗೆ ತಾಗಿದರೆ ಎಳೆಯ ಗಂಟಲಿನ ಉಸಿರುದಾರಿ ಮಡಚಿಕೊಳ್ಳುತ್ತದೆ, ನೀರಿನ ಪೈಪು ಮಡಚಿದ ಹಾಗೆ. ತಲೆ ಎತ್ತಿಕೊಳ್ಳುವ ಶಕ್ತಿ ಮಗುವಿಗಿಲ್ಲ. ಅಳುವುದೂ ಇಲ್ಲ, ನೋಡಿದವರಿಗೆ ನಿದ್ದೆ ಮಾಡಿದ ಹಾಗೇ ಕಾಣುತ್ತದೆ. ನನಗೆ ಅತಿ ಹೆಚ್ಚು ಭಯ ಇದರದೇ.

ಆದ್ದರಿಂದ ಬೆನ್ನ ಹಿಂದೆ, ತಲೆಯ ಹಿಂದೆ, ಕುಂಡೆಯ ಕೆಳಗೆ ನಾವಾಗಿ ಏನೂ ಹಾಕುವುದಿಲ್ಲ. ಮೆತ್ತೆ ಗುದ್ದಿದಾಗ ಅಪ್ಪಚ್ಚಿಯಾಗುತ್ತದೆ, ಅಷ್ಟು ಪಟ್ಟಿ ಸಡಿಲವಾಗುತ್ತದೆ. ಸೀಟ್‌ನ ಜೊತೆಗೇ ಬಂದ ಹಸುಗೂಸಿನ ಮೆತ್ತೆ ಮಾತ್ರ ಸರಿ, ಅದನ್ನು ಸೀಟ್ ಸಮೇತ ಪರೀಕ್ಷೆ ಮಾಡಿರುತ್ತಾರೆ. ಬೇರೆಯಾಗಿ ಮಾರುವ ಚೆಂದದ ಕುತ್ತಿಗೆ ದಿಂಬು, ಪಟ್ಟಿಯ ಕವರು ಯಾವುದೂ ಬೇಡ.

ಖಾಲಿ ಜಾಗ ತುಂಬಬೇಕಾದದ್ದು ಪಕ್ಕದಲ್ಲಿ. ಅಪ್ಪನ ಹಳೇ ಪಂಚೆ ಹರಿದು ಎರಡು ಸುರುಳಿ ಸುತ್ತಿದೆವು. ತಲೆಯಿಂದ ಸೊಂಟದವರೆಗೆ ಎಡಕ್ಕೊಂದು, ಬಲಕ್ಕೊಂದು. ತಲೆ ಪಕ್ಕಕ್ಕೆ ವಾಲುವುದು ನಿಂತಿತು. ಗೊಂಬೆ ಮುಂದಕ್ಕೆ ಜಾರುತ್ತಿತ್ತು. ಕಾಲುಗಳ ನಡುವಿನ ಪಟ್ಟಿಗೂ ಗೊಂಬೆಗೂ ಮಧ್ಯೆ ಸಣ್ಣ ಬಟ್ಟೆ ಸುರುಳಿ ಇಟ್ಟ ಮೇಲೆ ಅದೂ ನಿಂತಿತು. ಕ್ರಮ ಮುಖ್ಯ: ಮೊದಲು ಪಟ್ಟಿ ಬಿಗಿಯಬೇಕು, ಆಮೇಲೆ ಪಕ್ಕದ ಸುರುಳಿ. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ಬಂದರೆ ಇನ್ನೂ ಸಡಿಲ ಇದೆ ಅಂತ ಲೆಕ್ಕ.

ಕಾರಿನಲ್ಲಿ

ಹಿಂದಿನ ಎಡಗಡೆ ಸೀಟ್‌ನಲ್ಲಿ ಕೂರಿಸಿದೆ, ರಸ್ತೆಯ ಅಂಚಿನ ಕಡೆ ಬಾಗಿಲು ತೆಗೆಯಬಹುದು ಅಂತ. ಮುಂದಿನ ಸೀಟ್ ಬೇಡವೇ ಬೇಡ, ಅಲ್ಲಿ ಏರ್‌ಬ್ಯಾಗ್ ಇದೆ, ಅದು ಉಬ್ಬಿದರೆ ಮಗುವಿನ ಸೀಟ್‌ಗೇ ಬಡಿಯುತ್ತದೆ.

ಕೋನದ ಕೆಲಸ ಹೆಚ್ಚು ಹೊತ್ತು ತೆಗೆದುಕೊಂಡಿತು. ಮಗು ಸುಮಾರು 45 ಡಿಗ್ರಿ ಒರಗಿರಬೇಕು. ನೆಟ್ಟಗಾದರೆ ತಲೆ ಮುಂದಕ್ಕೆ ಬೀಳುತ್ತದೆ, ತೀರಾ ಮಲಗಿಸಿದರೆ ಗುದ್ದಿದಾಗ ಸೀಟ್ ಮಗುವನ್ನು ತಡೆಯುವುದು ಕಡಿಮೆಯಾಗುತ್ತದೆ. ನಮ್ಮ ಮನೆ ಮುಂದೆ ಇಳಿಜಾರು, ಅಲ್ಲಿ ನಿಲ್ಲಿಸಿ ನೋಡಿದರೆ ಲೆಕ್ಕ ಸುಳ್ಳಾಗುತ್ತದೆ. ಅಡಿಕೆ ಒಣಗಿಸುವ ಅಂಗಳ ಮಳೆಗಾಲವಾದ್ದರಿಂದ ಖಾಲಿ ಇತ್ತು, ಮಟ್ಟವಾಗಿಯೂ ಇದೆ. ಕಾರು ಅಲ್ಲಿಗೆ ಒಯ್ದೆ. ಕಾರಿನ ಹಿಂದಿನ ಸೀಟ್ ಬೆನ್ನಿನ ಕಡೆಗೆ ತಗ್ಗು, ಹಾಗಾಗಿ ಮಗುವಿನ ಕಾಲಿನ ಭಾಗ ಕುಸಿದು ಸೀಟ್ ನೆಟ್ಟಗಾಗಿತ್ತು. ಆ ತಗ್ಗಿಗೆ ಗಟ್ಟಿಯಾಗಿ ಸುತ್ತಿದ ಟವೆಲ್ ಇಟ್ಟೆ. ಇದಕ್ಕೆ ನಮ್ಮ ಸೀಟ್‌ನ ಕೈಪಿಡಿಯಲ್ಲಿ ಒಪ್ಪಿಗೆ ಇದೆ, ಕೆಲವು ಸೀಟ್‌ಗಳಲ್ಲಿ ಇರುವುದಿಲ್ಲ. ಬೆಲ್ಟ್ ಎಳೆದು ಬಿಗಿದು, ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದೆ. ಒಂದು ಇಂಚೂ ಕದಲಲಿಲ್ಲ.

ಆಸ್ಪತ್ರೆಯಲ್ಲಿ

ಸೀಟ್ ತೆಗೆದುಕೊಂಡು ಹೋಗಿ ಡಾಕ್ಟರ ಹತ್ತಿರ ಒಂದು ಪರೀಕ್ಷೆ ಕೇಳಿದೆ. 37 ವಾರಕ್ಕೆ ಮೊದಲು ಹುಟ್ಟಿದ ಮಕ್ಕಳನ್ನು ಮನೆಗೆ ಕಳಿಸುವ ಮುಂಚೆ ಅವರದೇ ಸೀಟ್‌ನಲ್ಲಿ 90ರಿಂದ 120 ನಿಮಿಷ ಕೂರಿಸಿ, ಉಸಿರು, ಎದೆಬಡಿತ, ಆಮ್ಲಜನಕ ನೋಡಬೇಕು ಅಂತ ಅದೇ ಅಮೆರಿಕನ್ ಅಕಾಡೆಮಿ ಹೇಳಿದೆ. ಪ್ರಯಾಣ ಅದಕ್ಕಿಂತ ಉದ್ದ ಇದ್ದರೆ ಅಷ್ಟು ಹೊತ್ತು. ಡಾಕ್ಟರು ಖುಷಿಯಿಂದ ಒಪ್ಪಿದರು. ನರ್ಸ್ ಅಕ್ಕ ಪಕ್ಕದಲ್ಲೇ ಇದ್ದರು. ಪಂಚೆ ಸುರುಳಿಯನ್ನು ನಿಜವಾದ ಮಗುವಿಗೆ ಸ್ವಲ್ಪ ತೆಳ್ಳಗೆ ಮಾಡಬೇಕಾಯಿತು, ಗೊಂಬೆಗಿಂತ ಅವಳ ಭುಜ ಅಗಲ. ಎರಡು ಗಂಟೆ ಮಾನಿಟರ್ ಒಮ್ಮೆಯೂ ಕೂಗಲಿಲ್ಲ. ತಂಗಿಯ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಉಸಿರು ತಡೆದಿದ್ದರೆ ಮಲಗಿಸಿ ಒಯ್ಯುವ ಕಾರ್ ಬೆಡ್ ಹುಡುಕಬೇಕಿತ್ತು, ಅಥವಾ ಇನ್ನಷ್ಟು ದಿನ ಕಾಯಬೇಕಿತ್ತು.

ದಾರಿ

ಬಂದೆವು. ದಪ್ಪ ಸ್ವೆಟರ್ ಹಾಕಲಿಲ್ಲ, ಬಟ್ಟೆಯಲ್ಲಿ ಸುತ್ತಿ ಕಟ್ಟಲಿಲ್ಲ. ಸುತ್ತಿದರೆ ಕಾಲುಗಳ ನಡುವೆ ಪಟ್ಟಿ ಬರುವುದಿಲ್ಲ. ತೆಳು ಅಂಗಿ, ಕುಲಾವಿ, ಪಟ್ಟಿ ಬಿಗಿದ ಮೇಲೆ ಮೇಲಿಂದ ಕಂಬಳಿ. ತಂಗಿ ಪಕ್ಕದಲ್ಲಿ ಕೂತು ಮಗುವಿನ ಮುಖ ನೋಡುತ್ತಲೇ ಇದ್ದಳು. ಮಂಡಗದ್ದೆಯಲ್ಲಿ ನಿಲ್ಲಿಸಿ, ಮಗುವನ್ನು ಹೊರತೆಗೆದು ಹಾಲು ಕುಡಿಸಿ, ಬೆನ್ನು ನೇರ ಮಾಡಿಸಿದೆವು. ಮನೆ ತಲುಪಿದ ತಕ್ಷಣ ಸೀಟ್‌ನಿಂದ ಎತ್ತಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದಳು. ನಿದ್ದೆ ಹೋಗಿದ್ದಾಳೆ, ಸೀಟ್‌ನಲ್ಲೇ ಇರಲಿ ಅನ್ನುವುದು ಬೇಡ. ಆ ಸೀಟ್ ಪ್ರಯಾಣಕ್ಕೆ ಮಾತ್ರ.

ಇನ್ನು ಮಾಡುವುದು: ತೂಕ ನೋಡಿಸಲು ಶಿವಮೊಗ್ಗಕ್ಕೆ ಹೋಗುವ ಪ್ರತಿ ಸಲ ಹೊರಡುವ ಮೊದಲು ಪಟ್ಟಿ ಮತ್ತೆ ಅಳೆಯಬೇಕು. ಮೈ ತುಂಬಿದಂತೆ ಸುರುಳಿ ಸಣ್ಣದು ಮಾಡುತ್ತಾ ಹೋಗಿ, ಜಾಗ ಇಲ್ಲದಾದಾಗ ತೆಗೆದುಬಿಡುತ್ತೇನೆ. ಗೊಂಬೆಯನ್ನು ಬಿಚ್ಚಿಲ್ಲ. ಪಕ್ಕದೂರಿನಲ್ಲೂ ಒಬ್ಬರಿಗೆ ದಿನ ತುಂಬುವ ಮುಂಚೆ ಹೆರಿಗೆಯಾಗಿದೆಯಂತೆ, ಸೀಟ್ ನೋಡಿಕೊಡಿ ಅಂತ ಹೇಳಿಕಳಿಸಿದ್ದಾರೆ. ಭಾನುವಾರ ಟೇಪ್, ಗೊಂಬೆ ಎರಡನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ.