ರಜೆಯಲ್ಲೂ ಇಳಿಯದ ದಣಿವು: ಬ್ಯಾಂಕ್ ಶಾಖೆಯೊಂದರಿಂದ

ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತಿರುವ, ಹೊರಗಿನವರು ಅಷ್ಟಾಗಿ ಕೇಳಿರದ ನಿಯಮವೊಂದಿದೆ. ಸೂಕ್ಷ್ಮವೆಂದು ಗುರುತಿಸಿದ ಹುದ್ದೆಗಳಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಕನಿಷ್ಠ 10 ಕೆಲಸದ ದಿನಗಳ ಕಾಲ ಒಂದೇ ಕಂತಿನಲ್ಲಿ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು 2021ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ಆ ಅವಧಿಯಲ್ಲಿ ಎಲ್ಲರಿಗೂ ಇರುವ ಕಚೇರಿಯ ಇಮೇಲ್ ಒಂದನ್ನು ಬಿಟ್ಟರೆ, ತಮ್ಮ ಕೆಲಸಕ್ಕೆ ಸಂಬಂಧಿಸಿದ ಯಾವ ಕಡತವೂ ಯಾವ ಗಣಕ ವ್ಯವಸ್ಥೆಯೂ ಅವರ ಕೈಗೆಟುಕುವಂತಿಲ್ಲ. ನಿಯಮದ ಉದ್ದೇಶ ನೌಕರರ ಆರೋಗ್ಯವೇನೂ ಅಲ್ಲ. ಒಬ್ಬನೇ ಮನುಷ್ಯ ದಿನವೂ ಅದೇ ಕುರ್ಚಿಯಲ್ಲಿ ಕುಳಿತು ಮುಚ್ಚಿಟ್ಟುಕೊಂಡು ಬಂದ ಅಕ್ರಮವೇನಾದರೂ ಇದ್ದರೆ ಅವನು ಎದ್ದುಹೋದಾಗ ಹೊರಬೀಳಲಿ ಎಂಬುದು.

ಶಾಖೆಯ ಹೊಣೆ ಹೊತ್ತಿದ್ದ ನನ್ನನ್ನು ಹೀಗೆ ಕಳುಹಿಸಿದಾಗ ಮೊದಲ ಕೆಲವು ದಿನಗಳು ನಿದ್ದೆಯಲ್ಲೇ ಕಳೆದವು. ಅದು ನಿರೀಕ್ಷಿತವೇ. ಆದರೆ ಕಣ್ತುಂಬ ನಿದ್ದೆ, ಹೊತ್ತಿಗೆ ಸರಿಯಾದ ಊಟ, ಫೋನಿನ ಕಾಟವಿಲ್ಲದ ಸಂಜೆ ಎಲ್ಲವೂ ಸಿಕ್ಕ ಮೇಲೂ, ಶಾಖೆಯ ಶಟರ್ ಎತ್ತುವುದನ್ನು ನೆನೆದ ಕೂಡಲೇ ಮೈ ಮೊದಲಿನಷ್ಟೇ ಭಾರವಾಗುತ್ತಿತ್ತು. ಕೆಲಸ ಹೆಚ್ಚಾಗಿ ಬಂದ ದಣಿವಾದರೆ ವಿಶ್ರಾಂತಿಗೆ ಇಳಿಯಬೇಕು. ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮುಗಿಸಿ ನಡುರಾತ್ರಿ ಮನೆ ಸೇರಿದ ದಣಿವು ಮುಂದಿನ ಭಾನುವಾರದ ಹೊತ್ತಿಗೆ ಹೇಳಹೆಸರಿಲ್ಲದಂತೆ ಹೋಗುತ್ತಿದ್ದದ್ದನ್ನು ಸೇವೆಗೆ ಸೇರಿದ ಹೊಸದರಲ್ಲಿ ಕಂಡಿದ್ದೇನೆ. ಇದು ಹಾಗೆ ಹೋಗಲಿಲ್ಲ. ಬರ್ನ್‌ಔಟ್, ಅಂದರೆ ಕೆಲಸದಿಂದಲೇ ಬಂದು ವಿಶ್ರಾಂತಿಗೂ ಇಳಿಯದ ಬಳಲಿಕೆ, ಇದರ ಕುರಿತು ಗಂಭೀರವಾಗಿ ಓದತೊಡಗಿದ್ದು ಆ ರಜೆಯ ಕೊನೆಯ ಭಾಗದಲ್ಲಿ.

1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಈ ಸ್ಥಿತಿಯನ್ನು ಬಣ್ಣಿಸಿ ಲೇಖನ ಬರೆದಾಗ ಅವರ ಕಣ್ಣ ಮುಂದಿದ್ದವರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು. ಕೆಲಸಗಳ್ಳರಲ್ಲ, ತಾವಾಗಿಯೇ ಮುಂದೆ ಬಂದು ಜನರಿಗಾಗಿ ಮೈಮುರಿದವರು. ಮುಂದೆ ಕ್ರಿಸ್ಟೀನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿ, ಅದರಲ್ಲಿ ಮೂರು ಎಳೆಗಳನ್ನು ಬೇರ್ಪಡಿಸಿದರು: ಬತ್ತಿಹೋದಂತಹ ಬಳಲಿಕೆ, ತಾನು ಸೇವೆ ಸಲ್ಲಿಸಬೇಕಾದ ಜನರ ಬಗ್ಗೆಯೇ ಮೂಡುವ ನಿರ್ಲಿಪ್ತಿ, ಮತ್ತು ತನ್ನಿಂದ ಏನೂ ಸಾಧಿತವಾಗುತ್ತಿಲ್ಲವೆಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರಗೊಂಡು 2022ರಿಂದ ಜಾರಿಗೆ ಬಂದ ತನ್ನ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟನ್ನು ಸೇರಿಸಿತಾದರೂ ಅದನ್ನು ರೋಗವೆಂದು ಕರೆಯಲಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದಿತು. ಈ ಎಚ್ಚರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ರೋಗವೆಂದ ಕೂಡಲೇ ಅದು ರೋಗಿಯ ತಲೆಗೆ ಬರುತ್ತದೆ, ಕೆಲಸ ಕೊಟ್ಟವರು ಪಾರಾಗುತ್ತಾರೆ.

ಮೂರರಲ್ಲಿ ಬಳಲಿಕೆಯನ್ನು ಯಾರಾದರೂ ಗುರುತಿಸುತ್ತಾರೆ. ಗುರುತಿಸಲು ಕಷ್ಟವಾದದ್ದು ಎರಡನೆಯದು. ನಮ್ಮದು ಉತ್ತರ ಕರ್ನಾಟಕದ ಹೋಬಳಿ ಮಟ್ಟದ ಶಾಖೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ತಿಂಗಳಿಗೆ 2,000 ರೂಪಾಯಿ ಜಮೆಯಾಗಿದೆಯೇ ಎಂದು ನೋಡಿಸಲು ಸುತ್ತಲಿನ ಊರುಗಳ ಹೆಂಗಸರು ಪಾಸ್‌ಬುಕ್ ಹಿಡಿದು ಬರುತ್ತಾರೆ. "ನಮ್ಮ ರೊಕ್ಕ ಬಂದೈತೇನ್ರೀ ಸಾಹೇಬ್ರ?" ಎಂಬ ಪ್ರಶ್ನೆ ಬೆಳಗಿನಿಂದ ಕೌಂಟರಿನಲ್ಲಿ ಕೇಳುತ್ತಲೇ ಇರುತ್ತದೆ. ಅದಕ್ಕೆ ಉತ್ತರಿಸಲು ಅರ್ಧ ನಿಮಿಷ ಸಾಕು. ಆದರೆ ನಮ್ಮ ಕ್ಯಾಷಿಯರ್, ಹಿಂದೆ ಪ್ರತಿಯೊಬ್ಬರನ್ನೂ "ಏನವ್ವಾ" ಎಂದು ಮಾತನಾಡಿಸುತ್ತಿದ್ದವರು, ಕ್ರಮೇಣ ತಲೆ ಎತ್ತದೆಯೇ "ಇಲ್ಲ, ಮುಂದಿನೋರು" ಎನ್ನತೊಡಗಿದ್ದರು. ನನ್ನ ಕೋಣೆಯೊಳಗೂ ಅದೇ ಆಗುತ್ತಿತ್ತು. ಜೀವನಜ್ಯೋತಿ ವಿಮೆಯ 436 ರೂಪಾಯಿ ಕಡಿತವಾದದ್ದೇಕೆ ಎಂದು ಕೇಳಲು ಬಂದ ರೈತ ನನಗೆ ರೈತನಾಗಿ ಕಾಣದೆ, ಸಂಜೆಯೊಳಗೆ ಮುಚ್ಚಬೇಕಾದ ದೂರಿನ ಸಂಖ್ಯೆಯಾಗಿ ಕಾಣುತ್ತಿದ್ದ. ಸಿಟ್ಟು ಬಂದಿದ್ದರೆ ಅದು ಎಚ್ಚರಿಕೆಯ ಗಂಟೆಯಾದರೂ ಆಗುತ್ತಿತ್ತು. ಇಲ್ಲಿ ಸಿಟ್ಟೂ ಇರಲಿಲ್ಲ. ಈ ಸಪ್ಪೆತನವನ್ನು ಮನೆಯವರು "ಈಗೀಗ ಸಮಾಧಾನಿ ಆಗಿದ್ದೀರಿ" ಎಂದು ಮೆಚ್ಚಿಕೊಂಡದ್ದೂ ಉಂಟು.

ಇಷ್ಟಕ್ಕೂ ಗ್ರಾಹಕರ ಸಾಲು ಕಾರಣವಲ್ಲ. ಸಾಲು ಹೆಚ್ಚಿದ್ದ ನೋಟು ಬದಲಾವಣೆಯ 2016ರ ನವೆಂಬರಿನಲ್ಲಿ ನಾವು ಹೈರಾಣಾಗಿದ್ದೆವು, ಆದರೆ ಹೀಗಾಗಿರಲಿಲ್ಲ. ಅಂದು ಮಾಡುತ್ತಿರುವ ಕೆಲಸ ಯಾರಿಗಾಗಿ ಎಂಬುದು ಎದುರಿಗೇ ಕಾಣುತ್ತಿತ್ತು. ಮ್ಯಾಸ್ಲಾಕ್ ಅವರು ಮೈಕೆಲ್ ಲೈಟರ್ ಜೊತೆಗೂಡಿ ಹೇಳಿದ ಆರು ಕಾರಣಗಳಲ್ಲಿ ಕೆಲಸದ ಹೊರೆ ಒಂದು ಮಾತ್ರ. ತನ್ನ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು, ತಕ್ಕ ಮನ್ನಣೆ ಸಿಗದಿರುವುದು, ಸಹೋದ್ಯೋಗಿಗಳ ಬಳಗ ಒಡೆಯುವುದು, ನ್ಯಾಯವಿಲ್ಲದಿರುವುದು, ತನ್ನ ಮೌಲ್ಯಗಳಿಗೂ ಸಂಸ್ಥೆಯ ಅಪೇಕ್ಷೆಗೂ ತಾಳೆಯಾಗದಿರುವುದು ಉಳಿದ ಐದು. ಶಾಖೆಯ ಮಟ್ಟದಲ್ಲಿ ಇವು ಹೇಗಿರುತ್ತವೆಂದರೆ, ಬೆಳೆ ಸಾಲ ನವೀಕರಣಕ್ಕೆ ಬಂದವನಿಗೆ ವಿಮೆಯೊಂದನ್ನೂ ಮಾರಬೇಕೆಂಬ ಗುರಿ ಬೆಳಗ್ಗೆಯೇ ಬಂದಿರುತ್ತದೆ, ಆತನಿಗೆ ಅದು ಬೇಡವೆಂದು ಮಾರುವವನಿಗೂ ಗೊತ್ತಿರುತ್ತದೆ. ಮಧ್ಯಾಹ್ನ ವಿಡಿಯೊ ಕಾನ್ಫರೆನ್ಸಿನಲ್ಲಿ ಹಿಂದುಳಿದ ಶಾಖೆಗಳ ಪಟ್ಟಿಯನ್ನು ಎಲ್ಲರೆದುರು ಓದಲಾಗುತ್ತದೆ. ಸಂಜೆ ಅದೇ ಅಂಕಿಗಳನ್ನು ಒಂದು ಪೋರ್ಟಲ್‌ನಲ್ಲಿ, ಒಂದು ಎಕ್ಸೆಲ್ ಹಾಳೆಯಲ್ಲಿ, ಮತ್ತೊಮ್ಮೆ ವಾಟ್ಸಾಪ್ ಗುಂಪಿನಲ್ಲಿ ತುಂಬಬೇಕಾಗುತ್ತದೆ. ಮೂರು ಕಡೆ ತುಂಬಿದ ಮೇಲೆ ಅಂಕಿ ಹೆಚ್ಚಾಗುವುದಿಲ್ಲ.

ಇದನ್ನೆಲ್ಲ ಓದಿದ ಮೇಲೂ ನಾನು ಮೊದಲು ಹೋದದ್ದು ಸಾಮಾನ್ಯ ವೈದ್ಯರ ಬಳಿಗೆ, ಬೇರೆಯವರಿಗೂ ಅದನ್ನೇ ಹೇಳುತ್ತೇನೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ ಇವೆಲ್ಲವೂ ಇದೇ ಬಗೆಯ ಆಯಾಸವನ್ನು ತರುತ್ತವೆ; ಗುಳಿಗೆಯಿಂದ ಹೋಗುವುದನ್ನು ಕಚೇರಿಯ ತಲೆಗೆ ಕಟ್ಟುವುದು ಸರಿಯಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸ ಖಿನ್ನತೆಯದು. ಬರ್ನ್‌ಔಟ್ ಹೆಚ್ಚಾಗಿ ಕೆಲಸದ ಸುತ್ತಲೇ ಇರುತ್ತದೆ: ಹೊಲದಲ್ಲಿ, ಮಕ್ಕಳ ಜೊತೆ, ಜಾತ್ರೆಯಲ್ಲಿ ಮನಸ್ಸು ಅರಳುತ್ತದೆ. ಅಲ್ಲಿಯೂ ಅರಳದಿದ್ದರೆ, ಬದುಕೇ ಬೇಡವೆನಿಸತೊಡಗಿದರೆ, ಅದು ಬೇರೆಯೇ ವಿಷಯ, ಮತ್ತು ತಡಮಾಡಬಾರದ ವಿಷಯ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬಾಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿರುತ್ತಾರೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ದೇಶದ ತುಂಬ ಹರಡಿದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ.

ನಿಭಾಯಿಸುವ ಬಗೆಗೆ ಬಂದರೆ, ಶನಿವಾರ ಸಿಬ್ಬಂದಿಯನ್ನು ಕರೆಸಿ ಉಸಿರಾಟದ ವ್ಯಾಯಾಮ ಹೇಳಿಕೊಡುವ ಕಾರ್ಯಾಗಾರಗಳ ಬಗ್ಗೆ ನನಗೆ ಗೌರವವಿಲ್ಲ. ಪ್ರಾಣಾಯಾಮದ ಬಗ್ಗೆ ತಕರಾರಿಲ್ಲ, ನಾನೂ ಮಾಡುತ್ತೇನೆ. 2015ರಿಂದ ಸಿಗುತ್ತಿರುವ ಎರಡನೆಯ ಮತ್ತು ನಾಲ್ಕನೆಯ ಶನಿವಾರದ ರಜೆಯಲ್ಲೊಂದನ್ನು ಅದಕ್ಕಾಗಿ ಕಿತ್ತುಕೊಳ್ಳುವುದರ ಬಗ್ಗೆ ತಕರಾರಿದೆ. ವರ್ಗಾವಣೆಯೂ ಎಲ್ಲರೂ ನಂಬಿದಷ್ಟು ದೊಡ್ಡ ಮದ್ದಲ್ಲ. ಹೆಂಡತಿ ಮಕ್ಕಳಿರುವ ಊರಿಗೆ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ ನಿಜ, ಆದರೆ ಅಂಕಿಗಳ ಆ ಮೂರು ಹಾಳೆಗಳು ಹೊಸ ಶಾಖೆಗೂ ಬರುತ್ತವೆ.

ನನಗೆ ಉಪಯೋಗಕ್ಕೆ ಬಂದದ್ದು ಲೆಕ್ಕ. ರಜೆಯಿಂದ ಮರಳಿದ ಮೇಲೆ ಕೆಲವು ವಾರಗಳ ಕಾಲ ಶಾಖೆಯ ಪ್ರತಿ ಗಂಟೆ ಎಲ್ಲಿ ಹೋಗುತ್ತಿದೆ ಎಂದು ಸಹೋದ್ಯೋಗಿಗಳೊಡನೆ ಸೇರಿ ಬರೆದಿಟ್ಟೆ: ಗ್ರಾಹಕರಿಗೆ ಎಷ್ಟು, ವಸೂಲಿಗೆ ಎಷ್ಟು, ವರದಿಗೆ ಎಷ್ಟು, ಕರೆಗಳಿಗೆ ಎಷ್ಟು ಎಂದು. ಬರೆದಿಟ್ಟದ್ದನ್ನು ಪ್ರಾದೇಶಿಕ ಕಚೇರಿಗೆ ಪತ್ರವಾಗಿ ಕಳುಹಿಸುವಾಗ "ನಮ್ಮಿಂದ ಆಗುತ್ತಿಲ್ಲ" ಎಂಬ ಮಾತನ್ನು ಬೇಕೆಂದೇ ಬಳಸಲಿಲ್ಲ, ಏಕೆಂದರೆ ಆ ಮಾತು ಓದುವವರ ಕಣ್ಣಿಗೆ ವ್ಯಕ್ತಿಯ ದೌರ್ಬಲ್ಯವಾಗಿ ಬೀಳುತ್ತದೆ. ಬದಲಿಗೆ, ಇರುವ ಸಿಬ್ಬಂದಿಯಲ್ಲಿ ಇವಿಷ್ಟು ಕೆಲಸಗಳು ಸಂಜೆಯೊಳಗೆ ಮುಗಿಯುತ್ತವೆ, ಉಳಿದವುಗಳಲ್ಲಿ ಯಾವುದನ್ನು ಬಿಡಬೇಕೆಂದು ತಾವೇ ತಿಳಿಸಬೇಕು ಎಂದು ಕೇಳಿದೆವು. ಜೊತೆಗೆ, ಕೌಂಟರಿನಲ್ಲಿ ಒಬ್ಬರೇ ಇಡೀ ದಿನ ಕೂರದಂತೆ ಮಧ್ಯಾಹ್ನ ಜಾಗ ಬದಲಿಸಿಕೊಳ್ಳುವ ಪದ್ಧತಿಯನ್ನು ನಾವೇ ಮಾಡಿಕೊಂಡೆವು, ಅದಕ್ಕೆ ಯಾರ ಅನುಮತಿಯೂ ಬೇಕಾಗಿರಲಿಲ್ಲ. ರಾತ್ರಿ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡತೊಡಗಿದಾಗ ಏನೋ ಆಗಿಬಿಡುತ್ತದೆಂದು ಅಂಜಿದ್ದೆವು, ಏನೂ ಆಗಲಿಲ್ಲ. ಜೀವ ಹೋಗುವಂಥದ್ದಾದರೆ ಕರೆಯೇ ಬರುತ್ತದೆ.

ಪತ್ರಕ್ಕೆ ಉತ್ತರ ಬಂತು, ನಿರೀಕ್ಷೆಗಿಂತ ಬೇಗ. ಎಕ್ಸೆಲ್ ಹಾಳೆಯನ್ನು ಕೈಬಿಡಲು ಒಪ್ಪಿದರು, ಪೋರ್ಟಲ್‌ನಿಂದಲೇ ಅಂಕಿಗಳನ್ನು ಎತ್ತಿಕೊಳ್ಳುವುದಾಗಿ ಹೇಳಿದರು. ಚಿನ್ನದ ಸಾಲದ ದಿನಗಳಿಗೆ ಪಕ್ಕದ ಶಾಖೆಯಿಂದ ಒಬ್ಬರನ್ನು ನಿಯೋಜಿಸಿದರು. ಶಾಖೆಗೆ ಎರಡನೆಯ ಅಧಿಕಾರಿಯೊಬ್ಬರು ಬೇಕೆಂಬ ನಮ್ಮ ಬೇಡಿಕೆ "ಪರಿಶೀಲನೆಯಲ್ಲಿದೆ". ಬೆಳೆ ಸಾಲದ ನವೀಕರಣ ಮಾರ್ಚ್‌ನಲ್ಲಿ ಮುಗಿಬೀಳುವ ಮೊದಲೇ ಆ ಬೇಡಿಕೆಯನ್ನು ನೆನಪಿಸಿ, ಹೊಸ ಲೆಕ್ಕದೊಂದಿಗೆ ಮತ್ತೊಂದು ಪತ್ರವನ್ನು ಈ ವಾರ ಕಳುಹಿಸಿದ್ದೇವೆ. ಈ ಬಾರಿ ಅದಕ್ಕೆ ನನ್ನೊಬ್ಬನದಲ್ಲ, ಕ್ಯಾಷಿಯರ್ ಸೇರಿದಂತೆ ಶಾಖೆಯ ಎಲ್ಲರ ಸಹಿ ಇದೆ.