ಏಕವಚನ ಒಂದನ್ನೇ ಹಿಡಿದು ಅಳೆಯಬೇಡಿ

ರಾಜಕಾರಣಿಯ ಪೋಸ್ಟ್ ಸಭ್ಯವೋ ಅಲ್ಲವೋ ಎಂದು ನೋಡಲು ಬೇಕಾದ ಅಳತೆಗೋಲು ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯ ಮೊದಲ ಭಾಗದಲ್ಲೇ ಇದೆ. ಟೀಕೆ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದಿನ ದಾಖಲೆ ಮತ್ತು ಕೆಲಸಕ್ಕೆ ಸೀಮಿತವಾಗಿರಬೇಕು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆದು ತರಬಾರದು. ಖಚಿತಪಡಿಸಿಕೊಳ್ಳದ ಆರೋಪ, ತಿರುಚಿದ ಮಾತು ಕೂಡದು. ಇದು ಜಾಲತಾಣಗಳಿಗೂ ಅನ್ವಯ ಎಂದು ಆಯೋಗ 2013ರ ಅಕ್ಟೋಬರ್‌ನಲ್ಲೇ ಹೇಳಿದೆ. ಸಂಹಿತೆ ಜಾರಿಯಲ್ಲಿರುವುದು ಚುನಾವಣೆ ಹೊತ್ತಿನಲ್ಲಿ ಮಾತ್ರ. ಓದುವವರು ಅದನ್ನು ವರ್ಷವಿಡೀ ಬಳಸಬಹುದು.

ಮೊದಲು ಮೂಲ ಪೋಸ್ಟ್ ತೆರೆಯಿರಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ ಕತ್ತರಿಸಿರುತ್ತಾರೆ, ಖಾತೆಯ ಹೆಸರಿನಲ್ಲಿ ಒಂದಕ್ಷರ ಬೇರೆ ಇರುತ್ತದೆ. ವಿಡಿಯೊ ಆದರೆ ತುಣುಕಿನ ಹಿಂದಿನ, ಮುಂದಿನ ಎರಡು ನಿಮಿಷವನ್ನಾದರೂ ಕೇಳಿ. ಆಮೇಲೆ ವಾಕ್ಯಗಳನ್ನು ಬಿಡಿಸಿಡಿ. 'ಟೆಂಡರ್ ಕರೆಯದೆ ಕಾಮಗಾರಿ ಕೊಟ್ಟರು' ಎಂದರೆ ದಾಖಲೆ ಕೇಳಬಹುದು. 'ಇದು ವ್ಯರ್ಥ ಯೋಜನೆ' ಎಂಬುದು ಅಭಿಪ್ರಾಯ. ಖಾರವಾಗಿದ್ದರೂ ಸಭ್ಯತೆಯ ಗೆರೆ ದಾಟಿಲ್ಲ. 'ಆ ಮನೆತನದ ರಕ್ತವೇ ಹಾಗೆ' ಎಂದಾಗ ಪೆಟ್ಟು ಹುಟ್ಟಿನ ಮೇಲೆ ಬಿದ್ದಿತು, ಅದಕ್ಕೆ ಉತ್ತರ ಕೊಡುವ ದಾರಿಯೇ ಇಲ್ಲ.

ಕನ್ನಡದಲ್ಲಿ ಹೆಚ್ಚು ಎಡವುವುದು ಏಕವಚನದ ವಿಷಯದಲ್ಲಿ. 'ಏಕವಚನದಲ್ಲಿ ವಾಗ್ದಾಳಿ' ಎಂಬ ತಲೆಬರಹ ಕಂಡ ಕೂಡಲೇ ತೀರ್ಪು ಕೊಟ್ಟುಬಿಡುತ್ತೇವೆ. ಹಳೇ ಮೈಸೂರಿನ ಹಳ್ಳಿ ಮಾತಿನಲ್ಲಿ, ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಏಕವಚನ ಸಲುಗೆಯೂ ಆಗಿರಬಹುದು. ಭಾಷಣದ ತುಣುಕಿಗೆ ಆ ರಿಯಾಯಿತಿ ಕೊಡೋಣ. ಕೂತು ಟೈಪ್ ಮಾಡಿದ ಪೋಸ್ಟ್‌ಗೆ ಕೊಡಬೇಕಿಲ್ಲ. ಅದೇ ಖಾತೆಯ ಹಿಂದಿನ ಇಪ್ಪತ್ತು ಪೋಸ್ಟ್ ತೆಗೆದು ನೋಡಿ: ತಮ್ಮವರು 'ಬಂದರು', ಎದುರಾಳಿ 'ಬಂದ' ಎಂದಿದೆಯೇ? ಗಂಡಸರಿಗೆ 'ಅವರು', ಮಹಿಳೆಗೆ 'ಅವಳು' ಎಂದಿದೆಯೇ? ಹಾಗಿದ್ದರೆ ಅದು ಆಡುನುಡಿಯಲ್ಲ, ಬೇಕೆಂದೇ ಮಾಡಿದ ಅವಮಾನ. ಇಂಗ್ಲಿಷಿಗೆ ಅನುವಾದಿಸಿದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಹಾಗಾಗಿ ದೂರು ಕೊಡುವಾಗ ಕನ್ನಡ ಮೂಲವನ್ನೂ ಲಗತ್ತಿಸಿ, ಕ್ರಿಯಾಪದಕ್ಕೆ ಅಡಿಗೆರೆ ಹಾಕಿ, ಒಂದು ಸಾಲಿನ ವಿವರಣೆ ಬರೆಯಿರಿ. ನನ್ನ ಮಟ್ಟಿಗೆ, ಬಹುವಚನದಲ್ಲಿ ನಯವಾಗಿ ಬರೆದ ಸುಳ್ಳು ಒರಟು ಏಕವಚನಕ್ಕಿಂತ ದೊಡ್ಡ ಅಪರಾಧ.

ಸಚಿವರ ಪೋಸ್ಟ್ ಆದರೆ ಅದು ವೈಯಕ್ತಿಕ ಖಾತೆಯದೋ ಇಲಾಖೆಯದೋ ನೋಡಿ. 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಸಚಿವರ ಮಾತನ್ನು ಸಾಮೂಹಿಕ ಹೊಣೆಗಾರಿಕೆಯ (ಇಡೀ ಸಂಪುಟ ಒಟ್ಟಾಗಿ ಹೊಣೆ ಹೊರುವ ತತ್ವದ) ಹೆಸರಿನಲ್ಲಿ ಸರ್ಕಾರದ ತಲೆಗೆ ಕಟ್ಟಲಾಗದು ಎಂದಿತು. ಅದೇ ಪೀಠದಲ್ಲಿದ್ದ, ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಭಿನ್ನವಾಗಿ ಬರೆದರು: ಅಧಿಕೃತ ನೆಲೆಯಲ್ಲಿ ಆಡಿದ ಮಾತು ಸರ್ಕಾರದ ನಿಲುವನ್ನೇ ಹೇಳುತ್ತಿದ್ದರೆ ಅದರ ಹೊಣೆ ಸರ್ಕಾರದ್ದೂ ಹೌದು. ನನಗೆ ಈ ವಾದವೇ ಸರಿಯೆನಿಸುತ್ತದೆ.

ಕೊನೆಗೆ, ತಪ್ಪು ಗೊತ್ತಾದ ಮೇಲೆ ಏನು ಮಾಡಿದರು ನೋಡಿ. ನಕಲಿ ವಿಡಿಯೊ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕೆಂದು ಆಯೋಗ 2024ರ ಮೇ 6ರಂದು ಪಕ್ಷಗಳಿಗೆ ಸೂಚಿಸಿತ್ತು. ಸದ್ದಿಲ್ಲದೆ ಅಳಿಸಿದ್ದನ್ನು ತಿದ್ದುಪಡಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ತಪ್ಪು ಹೇಳಿದ ಖಾತೆಯಲ್ಲೇ, ಅದೇ ಭಾಷೆಯಲ್ಲಿ, ಏನು ತಪ್ಪಿತ್ತು ಎಂದು ಬರೆದಿರಬೇಕು.