ಅತ್ತಿಗೆಯ ಸರ, ಆಸ್ಪತ್ರೆಯ ಲೆಕ್ಕ

ಅಪ್ಪನ ಆಸ್ಪತ್ರೆಯ ಖರ್ಚನ್ನು ಅಣ್ಣಂದಿರಿಬ್ಬರೂ ನಡುಮನೆಯಲ್ಲಿ ಕುಳಿತು ಮೂರು ಪಾಲು ಮಾಡಿದರು. ದೊಡ್ಡಣ್ಣನದೊಂದು, ಚಿಕ್ಕಣ್ಣನದೊಂದು, ಅಪ್ಪನ ಹಾಲಿನ ದುಡ್ಡಿನಿಂದ ಒಂದು. ಮದುವೆಯಾಗಿ ಹೋದ ಮಗಳೆಂದು ನನ್ನನ್ನು ಕೇಳಲಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಆ ಮೂರು ಪಾಲಿನಲ್ಲಿ ಎಲ್ಲಿಯೂ ದೊಡ್ಡ ಅತ್ತಿಗೆಯ ಸರದ ಮಾತು ಬರಲಿಲ್ಲ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ನಮ್ಮ ಊರು ಚನ್ನರಾಯಪಟ್ಟಣದ ಕಡೆಯದು. ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದ ಅಪ್ಪ ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕುಳಿತರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ನೋಡಿದವರು ಕೂಡಲೇ ಹಾಸನಕ್ಕೆ ಹೊರಡಿ ಎಂದರು. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ರಾಜ್ಯದ ತುಂಬ ಹಬ್ಬಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತಿದ್ದರು. ಸಾವುಗಳು ಅಸಹಜವಾಗಿ ಹೆಚ್ಚಿಲ್ಲವೆಂದು ಆಮೇಲೆ ಸರ್ಕಾರದ ಸಮಿತಿ ಹೇಳಿತು. ಆದರೂ ಆ ಭಯ ನಮ್ಮ ಕಡೆಯವರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಹಾಗಾಗಿ ಚಿಕ್ಕಣ್ಣ ಮೈಸೂರಿಗೇ ಹೋಗೋಣ ಎಂದು ಹಟ ಹಿಡಿದ. ಹಾಸನದ ಖಾಸಗಿ ಆಸ್ಪತ್ರೆಯ ವೈದ್ಯರು, "ಇಲ್ಲಿಂದ ಎರಡೂವರೆ ಗಂಟೆಯ ದಾರಿ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ, ನೀವೇ ಯೋಚಿಸಿ" ಎಂದರು. ಯೋಚಿಸುವುದಕ್ಕೆ ಅಲ್ಲಿ ಏನಿತ್ತು? ಕೌಂಟರಿನಲ್ಲಿ ಮುಂಗಡ ಎಂಬತ್ತು ಸಾವಿರ ಕೇಳಿದರು.

ಅಣ್ಣಂದಿರು ಮೊಬೈಲ್ ಹಿಡಿದು ಒಬ್ಬೊಬ್ಬರಿಗೇ ಕರೆ ಮಾಡತೊಡಗಿದರು. ಅತ್ತಿಗೆ ಯಾರಿಗೂ ಏನೂ ಹೇಳದೆ ಹೊರಗೆ ಹೋಗಿ, ಎದುರಿನ ಅಂಗಡಿಯಿಂದ ಅರಿಶಿನದ ದಾರ ತಂದರು. ಗೋಡೆಯ ಕಡೆ ತಿರುಗಿ ನಿಂತು ಸರದ ಕೊಂಡಿ ಬಿಚ್ಚಿದರು. ತಾಳಿಯ ಬೊಟ್ಟುಗಳನ್ನೂ ಎರಡು ಹವಳಗಳನ್ನೂ ಒಂದೊಂದಾಗಿ ದಾರಕ್ಕೆ ಪೋಣಿಸಿ, ಕೊರಳಿಗೆ ಕಟ್ಟಿಕೊಂಡು, ಬರಿಯ ಸರವನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ನಿನಗೆ ಹಾಸನ ಗೊತ್ತಲ್ಲಮ್ಮ, ಬೇಗ ಹೋಗಿ ಬಾ. ಮಾವನಿಗೆ ಮಾತ್ರ ಹೇಳಬೇಡ." ಗಿರವಿ ಅಂಗಡಿಯಾತ ಸರವನ್ನು ಒರೆಗಲ್ಲಿಗೆ ಉಜ್ಜಿ, ತೂಗಿ, ಕಾಗದಗಳಿಗೆ ನನ್ನ ಸಹಿ ಹಾಕಿಸಿಕೊಂಡ. ನಾನು ಹಣದೊಂದಿಗೆ ಹಿಂದಿರುಗಿದಾಗ ಅಣ್ಣಂದಿರು ಇನ್ನೂ ಫೋನಿನಲ್ಲೇ ಇದ್ದರು. ಅಪ್ಪನನ್ನು ಒಳಗೆ ಕರೆದುಕೊಂಡು ಹೋದದ್ದು ಆ ಹಣ ಕಟ್ಟಿದ ಮೇಲೆ.

ಅಪ್ಪ ಉಳಿದರು. ಆ ವೈದ್ಯರ ಕೈಗುಣಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ನೋಡಲು ಬಂದ ನೆಂಟರೆಲ್ಲ ಎಳನೀರು, ಸೇಬು, ಬನ್ನು ತಂದರು. ಸೋದರತ್ತೆಯೊಬ್ಬರು ದಿಂಬಿನ ಕೆಳಗೆ ಐನೂರರ ನೋಟು ಇಟ್ಟು ಹೋದರು, ಅವರ ಸ್ಥಿತಿಗೆ ಅದು ದೊಡ್ಡ ಹಣ. ರಾತ್ರಿಯೆಲ್ಲ ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತವರು ಅತ್ತಿಗೆ. ಬಂದವರು ಅಣ್ಣಂದಿರನ್ನು ಹೊಗಳಿ ಹೋದರು.

ಬಿಲ್ಲು ಎರಡು ಲಕ್ಷ ದಾಟಿತ್ತು. ಕಟ್ಟಿಕೊಂಡ ಹೃದಯದ ರಕ್ತನಾಳ ತೆರೆದಿರಲೆಂದು ಒಳಗೆ ಇಡುವ ಪುಟ್ಟ ಬಲೆಯಂಥ ಕೊಳವೆಯೇ ಸ್ಟೆಂಟು. ಅದರ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಮಿತಿ ಹಾಕಿತು. ಅದಕ್ಕೂ ಮೊದಲು ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ ಆಗ 29,600 ರೂಪಾಯಿ ಎಂದು ಗೊತ್ತುಮಾಡಿದರು, ಈಚೆಗೆ ಅದು ಸ್ವಲ್ಪ ಸ್ವಲ್ಪ ಏರಿದೆ. ನಮ್ಮ ಬಿಲ್ಲಿನಲ್ಲೂ ಸ್ಟೆಂಟ್ ಆ ಮಿತಿಯೊಳಗೇ ಇತ್ತು. ಉಳಿದದ್ದೆಲ್ಲ ರಕ್ತನಾಳ ಹಿಗ್ಗಿಸುವ ಬಲೂನು, ಅದನ್ನು ಒಳಗೆ ಸಾಗಿಸುವ ಕ್ಯಾತಿಟರ್ ಎಂಬ ಸಣ್ಣ ನಳಿಕೆ, ಇದನ್ನೆಲ್ಲ ಮಾಡುವ ಕ್ಯಾತ್ ಲ್ಯಾಬ್ ಕೋಣೆಯ ಶುಲ್ಕ, ಐಸಿಯು ಬಾಡಿಗೆ, ಪುಟಗಟ್ಟಲೆ ಗ್ಲೌಸ್ ಮತ್ತು ಸಿರಿಂಜು. ಒಂದು ಸಾಮಾನಿಗೆ ಬೇಲಿ ಹಾಕಿ ಹತ್ತನ್ನು ಬಯಲಿಗೆ ಬಿಟ್ಟರೆ ಬಡವನಿಗೆ ಏನು ಉಳಿತಾಯವಾದೀತು? ಇದು ನಮ್ಮೊಂದು ಮನೆಯ ಸಂಕಟವಲ್ಲ, ಆ ಕೌಂಟರಿನ ಮುಂದೆ ಕರವಸ್ತ್ರದ ಗಂಟು ಬಿಚ್ಚುತ್ತಿದ್ದ ಹೆಂಗಸರು ಇನ್ನೂ ಹಲವರಿದ್ದರು.

ಇನ್ನೊಂದು ಸಂಗತಿ ನನ್ನನ್ನು ಈಗಲೂ ಕೊರೆಯುತ್ತದೆ. ಅಪ್ಪ ಹಾಲು ಉತ್ಪಾದಕರ ಸಹಕಾರ ಸಂಘದ ಹಳೆಯ ಸದಸ್ಯರು. 2003ರಲ್ಲಿ ಶುರುವಾದ, ಸಹಕಾರ ಸಂಘಗಳ ಸದಸ್ಯರ ಚಿಕಿತ್ಸೆಯ ಖರ್ಚು ಭರಿಸುವ ಯಶಸ್ವಿನಿ ಯೋಜನೆ ಅವರಂಥವರಿಗಾಗಿಯೇ ಬಂದದ್ದು. 2018ರಲ್ಲಿ ನಿಂತುಹೋಗಿ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಚಿಕಿತ್ಸೆಗೆ 5 ಲಕ್ಷದವರೆಗೆ. ಸಂಘದ ಕಾರ್ಯದರ್ಶಿ ಹಾಲು ಅಳೆಯುವಾಗ ಹೇಳಿದ್ದರಂತೆ. ನೋಂದಣಿಗೆ ಗಡುವಿರುತ್ತದೆ. "ಯಾರಿಗೆ ಏನಾಗಿದೆ ಈಗ" ಎಂದು ದೊಡ್ಡಣ್ಣ ಮುಂದೂಡಿದ್ದಾನೆ, ಅಷ್ಟರಲ್ಲಿ ಗಡುವು ಮುಗಿದಿದೆ. ಕಾರ್ಡಿದ್ದು, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಿದ್ದರೆ ದೊಡ್ಡ ಹೊರೆಯೇ ತಪ್ಪುತ್ತಿತ್ತು. ಡೇರಿಗೆ ಹಾಲು ಹಾಕುವ ಪ್ರತಿ ಮನೆಯವರಿಗೂ ನಾನು ಈಗ ಇದನ್ನು ಹೇಳುತ್ತೇನೆ: ಗಡುವು ಕೇಳಿಕೊಂಡು ಬನ್ನಿ, ಇವತ್ತೇ ಕೇಳಿ.

ನಡುಮನೆಯ ಲೆಕ್ಕಕ್ಕೆ ಬರುತ್ತೇನೆ. ಅಪ್ಪ ಒಳಗೆ ಮಲಗಿದ್ದರು. ನಾನು ಬಾಗಿಲಲ್ಲಿ ನಿಂತು, "ಸರದ ಅಸಲು ಮತ್ತು ಬಡ್ಡಿ ಯಾರ ಪಾಲಿಗೆ?" ಎಂದೆ. ದೊಡ್ಡಣ್ಣ ತಲೆಯೆತ್ತಿ, "ಅದು ನಮ್ಮ ಮನೆಯದೇ ಅಲ್ಲವೇನಮ್ಮ" ಎಂದ. ಅತ್ತಿಗೆಯ ತವರಿನವರು ಒಂದು ವರ್ಷದ ಆಲೂಗಡ್ಡೆ ಬೆಳೆಯನ್ನೆಲ್ಲ ಮಾರಿ ಮಾಡಿಸಿಕೊಟ್ಟ ಸರ ಅದು. ಅದನ್ನು ಹೇಳಿದೆ. ಮಾತು ಬೆಳೆಯಿತು. ಅತ್ತಿಗೆ ಅಡುಗೆಮನೆಯಿಂದ, "ಇರಲಿ ಬಿಡಮ್ಮ, ಮಾವ ಎದ್ದು ಓಡಾಡಿದರೆ ಸಾಕು" ಎಂದರು. ನನಗೆ ಅಳು ಬಂತು, ಕೋಪವೂ ಬಂತು. ಅವರು ಬಿಡಿ ಎನ್ನುವುದು ಅವರ ದೊಡ್ಡತನ, ಅದನ್ನೇ ನೆಪ ಮಾಡಿಕೊಂಡು ನಾವು ಬಿಟ್ಟುಬಿಡುವುದು ಅನ್ಯಾಯ. ಲೆಕ್ಕದ ಪುಸ್ತಕ ತೆಗೆದುಕೊಂಡು ಮೂರರ ಕೆಳಗೆ ನಾಲ್ಕನೆಯ ಸಾಲು ಬರೆದೆ: ಅತ್ತಿಗೆಯ ಸರ, ಎಂಬತ್ತು ಸಾವಿರ, ಬಡ್ಡಿ ಬೇರೆ.

ಚಿಕ್ಕಣ್ಣ ಆ ಸಾಲನ್ನು ಓದಿ ಸುಮ್ಮನಾದ. ಹೋದ ತಿಂಗಳ ಬಡ್ಡಿಯನ್ನು ಅವನೇ ಕಟ್ಟಿ ರಸೀದಿ ತಂದುಕೊಟ್ಟಿದ್ದಾನೆ. ಅಸಲು ಶುಂಠಿ ಕಿತ್ತ ಮೇಲೆ ಎಂದು ದೊಡ್ಡಣ್ಣ ಹೇಳಿದ್ದಾನೆ. ಶುಂಠಿಯ ಧಾರಣೆ ಹೇಗಿರುತ್ತದೋ. ಸರ ಬಿಡಿಸಿ ತರುವ ತನಕ ಊರಿಗೆ ಹೋದಾಗಲೆಲ್ಲ ನಾನು ಆ ಮಾತು ಎತ್ತುತ್ತೇನೆ.